ಅಪ್ಪ ಜಗಳಕ್ಕೆಂದು ಹೋದ ಪಾಠ

ಆ ಸಂಜೆಯ ಪಾಠಗಳನ್ನು ನೆನೆದರೆ ಅವಳ ಮೂಗಿಗೆ ಇವತ್ತಿಗೂ ಶೇವಿಂಗ್ ಸೋಪಿನ ವಾಸನೆ ಬಡಿಯುತ್ತದೆ.

ಆಗ ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಚರ್ಚಿನ ಹಿಂದಿನ ಕೋಣೆಯಲ್ಲಿ ಮಡಚುವ ಕುರ್ಚಿಗಳನ್ನು ಹಾಕಿಸಿ, ನಿವೃತ್ತ ಪಾದ್ರಿಯೊಬ್ಬರು ವಾರಕ್ಕೊಮ್ಮೆ ದೇವಶಾಸ್ತ್ರದ ಮೊದಲ ಪಾಠಗಳನ್ನು ಹೇಳುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಪಾದ್ರಿ ಮೇಷ್ಟ್ರು. ಕಿವಿ ಸ್ವಲ್ಪ ಮಂದ. ಬೇಡದ ಪ್ರಶ್ನೆ ಬಂದರೆ ಇನ್ನೂ ಮಂದ. ಅವಳು ಸೇರಿದ್ದು ಗೆಳತಿಯ ಒತ್ತಾಯಕ್ಕೆ. ಗೆಳತಿ ಎರಡನೇ ವಾರಕ್ಕೇ ಕೈಕೊಟ್ಟಳು, ಇವಳು ಉಳಿದಳು.

ಒಂದು ದಿನ ಊಟಕ್ಕೆ ಕೂತಾಗ ಬಾಯಿ ತಡೆಯದೆ ಹೇಳಿಬಿಟ್ಟಳು: "ಅಪ್ಪಾ, ಭಾನುವಾರ ಚರ್ಚಲ್ಲಿ 'ತಂದೆ, ಮಗ, ಪವಿತ್ರಾತ್ಮನನ್ನ ನಂಬ್ತೀನಿ' ಅಂತ ಹೇಳ್ತೀವಲ್ಲ ವಿಶ್ವಾಸ ಪ್ರಮಾಣ, ಅದು ಮೊದಲಿಂದ ಹಾಗೇ ಇರ್ಲಿಲ್ಲವಂತೆ. ಯೇಸು ಹೋಗಿ ಮುನ್ನೂರು ವರ್ಷ ಆದ್ಮೇಲೆ ಬಿಷಪ್ಪರೆಲ್ಲ ಮಹಾಸಭೆ ಸೇರಿ, ಒಂದೊಂದು ಮಾತಿಗೂ ಕಿತ್ತಾಡಿ ಬರೆದಿದ್ದಂತೆ."

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಅವನದು ಕ್ಷೌರದಂಗಡಿ. ದಿನವಿಡೀ ಬೇರೆಯವರ ತಲೆಯ ಮೇಲೆ ಕೈಯಾಡಿಸುವವನಿಗೆ ತನ್ನ ತಲೆಗೆ ಯಾರಾದರೂ ಕೈಹಾಕಿದರೆ ಸಹಿಸಲಾಗದು.

"ಕಿತ್ತಾಡಿ ಬರೆದಿದ್ದಾ? ನಮ್ಮಮ್ಮ ನಂಗೆ ಕಲಿಸಿದ್ದು ಯಾರದೋ ರಾಜಿ ಪಂಚಾಯ್ತಿನಾ? ಬರ್ತೀನಿ ಇರು, ನಿಮ್ಮ ಮೇಷ್ಟ್ರನ್ನ ವಿಚಾರಿಸ್ಕೊಳ್ತೀನಿ."

"ಮಾನ ಕಳೀಬೇಡ ಅಪ್ಪಾ," ಅಂದಳು. ಅಮ್ಮ ನೀರಿನ ಲೋಟವನ್ನು ಅವನ ಕಡೆ ಸರಿಸಿದಳು.

ಮುಂದಿನ ವಾರ ಅಪ್ಪ ಬೇಗ ಅಂಗಡಿ ಮುಚ್ಚಿ, ತೋಳಿಗೆ ಅಂಟಿದ್ದ ಕೂದಲನ್ನೂ ಒದರಿಕೊಳ್ಳದೆ, ಬಂದು ಮುಂದಿನ ಸಾಲಿನಲ್ಲೇ ಕೂತ.

"ಮೇಷ್ಟ್ರೇ, ನಂಬಿಕೆ ದೇವರು ಕೊಟ್ಟಿದ್ದು. ಅದು ಬೆಳೆಯೋಕೆ ಅದೇನು ಗಡ್ಡಾನಾ?"

ಕೋಣೆಯೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. "ನಿಮಗೆ ಮೊದಲು ಪ್ರಾರ್ಥನೆ ಹೇಳಿಕೊಟ್ಟವರು ಯಾರು?"

"ನಮ್ಮಮ್ಮ. ಓದು ಬರಹ ಗೊತ್ತಿರ್ಲಿಲ್ಲ. ಮಲಗಿಸೋವಾಗ ಹಣೆ ಮೇಲೆ ಶಿಲುಬೆ ಗುರುತು ಹಾಕಿ, 'ತಂದೆಯೇ, ಮಗನೇ, ಪವಿತ್ರಾತ್ಮನೇ, ನನ್ನ ಕೂಸನ್ನ ಕಾಪಾಡು' ಅಂತಿದ್ಲು."

"'ಕಾಪಾಡಿ' ಅಂತಿದ್ರಾ, 'ಕಾಪಾಡು' ಅಂತಿದ್ರಾ?"

ಅಪ್ಪ ತುಟಿಯಲ್ಲೇ ಒಮ್ಮೆ ಹೇಳಿಕೊಂಡು ನೋಡಿದ. "ಕಾಪಾಡು."

"ಕರೆದದ್ದು ಮೂವರನ್ನ, ಕೇಳಿಕೊಂಡದ್ದು ಒಬ್ಬನನ್ನ." ಮೇಷ್ಟ್ರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. "ಮೊದಮೊದಲ ಕ್ರೈಸ್ತರೂ ಹೀಗೇ. ಪ್ರಾರ್ಥನೆ ಮೊದಲು ಬಂತು. ನಾವು ಹೀಗೆ ಕರೀತೀವಲ್ಲ, ಇದರ ಅರ್ಥ ಏನು ಅಂತ ಕೂತು ಮಾತು ಹುಡುಕೋದಕ್ಕೆ ಅಷ್ಟು ಕಾಲ ಹಿಡೀತು. ನಿಮ್ಮಮ್ಮ ಸಲೀಸಾಗಿ ಹೇಳಿದ್ದನ್ನ ಮಾತಲ್ಲಿ ಹಿಡಿಯೋಕೇ ಮಹಾಸಭೆಯವರೆಲ್ಲ ಒದ್ದಾಡಿದ್ದು."

ಮುಂದಿನ ವಾರವೂ ಅಪ್ಪನ ಅಂಗಡಿ ಬೇಗ ಮುಚ್ಚಿತು.

ಆ ವರ್ಷ ಅವನ ಗಿರಾಕಿಗಳ ಪಾಡು ಕೇಳಬೇಡಿ. ಕೆನ್ನೆಗೆ ನೊರೆ ಹಚ್ಚಿ, "ಮಗ ತಂದೆಯ ಹಾಗಿದಾನೆ ಅನ್ನೋದು ಬೇರೆ, ತಂದೆಯೂ ಮಗನೂ ಒಂದೇ ದೇವರು ಅನ್ನೋದು ಬೇರೆ, ಗೊತ್ತೇನ್ರಿ?" ಅನ್ನುತ್ತಿದ್ದ. ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಯಾರು ತಾನೇ ಎದುರಾಡುತ್ತಾರೆ? ಪಾಠ ಮುಗಿಸಿ ಬರುವಾಗ ಅಪ್ಪ ಮಗಳು ಬೀದಿಯಲ್ಲೇ ವಾದಕ್ಕೆ ನಿಲ್ಲುತ್ತಿದ್ದರು. ಅಕ್ಕಪಕ್ಕದವರು ಮನೆಯಲ್ಲೇನೋ ರಂಪವಾಗಿದೆ ಅಂದುಕೊಂಡರು. ಅವಳಿಗಂತೂ ಅದೇ ಹಬ್ಬ. ಅದುವರೆಗೆ ಅಪ್ಪ ಅವಳೊಡನೆ ಅಷ್ಟು ಹೊತ್ತು ಮಾತಾಡಿದ್ದೇ ಇರಲಿಲ್ಲ.

ಕೂಸಿನ ತಲೆಗೆ ನೀರೆರೆದು ಸಭೆಗೆ ಸೇರಿಸುವ ದೀಕ್ಷಾಸ್ನಾನದ ಪಾಠ ನಡೆದ ದಿನ ಮಾತ್ರ ಅಪ್ಪ ಕೊನೆಯವರೆಗೂ ತಲೆ ತಗ್ಗಿಸಿ ಕೂತಿದ್ದ. ಎಲ್ಲರೂ ಏಳುವ ಹೊತ್ತಿಗೆ ಕೇಳಿದ: "ದೀಕ್ಷಾಸ್ನಾನ ಆಗೋಕೆ ಮುಂಚೇನೇ ಹೋದ ಕೂಸಿನ ಗತಿ ಏನು?"

ದನಿ ತೀರಾ ಸಣ್ಣಗಿತ್ತು. ಆದರೂ ಮೇಷ್ಟ್ರಿಗೆ ಕೇಳಿಸಿತು. ಅವಳು ಗಕ್ಕನೆ ತಿರುಗಿದಳು. ತನಗೊಬ್ಬ ಅಣ್ಣ ಹುಟ್ಟಿದ ದಿನವೇ ತೀರಿಹೋಗಿದ್ದ ಅನ್ನುವುದು ಗೊತ್ತಿತ್ತು; ಮನೆಯಲ್ಲಿ ಯಾರೂ ಅವನ ಸುದ್ದಿ ಎತ್ತುತ್ತಿರಲಿಲ್ಲ.

"ಒಂದು ಕಾಲದಲ್ಲಿ ದೊಡ್ಡದೊಡ್ಡವರೇ ಅಂಥ ಕೂಸಿಗೆ ಸ್ವರ್ಗ ಇಲ್ಲ ಅಂತ ಕಲ್ಲಿನಂಥ ಮಾತು ಹೇಳಿದ್ರು," ಅಂದರು ಮೇಷ್ಟ್ರು. "ಆಮೇಲೆ ಬಂದವರಿಗೆ ಅದು ಗಂಟಲಲ್ಲಿ ಇಳೀಲಿಲ್ಲ. ತಲೆಮಾರುಗಟ್ಟಲೆ ಯೋಚಿಸಿದ್ರು. ಈಗ ನಾವು ಅಂಥ ಕೂಸುಗಳನ್ನ ದೇವರ ಕರುಣೆಗೆ ಒಪ್ಪಿಸಿ, ಭರವಸೆಯಿಂದ ಇರ್ತೀವಿ."

"ಅಂದ್ರೆ ದೇವರು ಬದಲಾದ್ನಾ?"

"ಅವನಲ್ಲಪ್ಪ. ನಮಗೇ ಅವನು ತಡವಾಗಿ ಅರ್ಥ ಆಗ್ತಾನೆ."

ನಂಬಿಕೆ ಕೂದಲೆಳೆಯಷ್ಟೂ ಅಲುಗಬಾರದು ಅಂತ ಬಂದಿದ್ದ ಅಪ್ಪ ಆವತ್ತು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು ನಿಂತುಬಿಟ್ಟ.

ಮನೆಗೆ ಬಂದವನು ಚಪ್ಪಲಿ ಕೂಡ ಬಿಡದೆ ಅಮ್ಮನಿಗೆ ಹೇಳಿದ: "ನಮ್ಮ ಮಗು ದೇವರ ಕೈಲೇ ಇದೆ ಅಂತ ನಂಬಬಹುದಂತೆ ಕಣೇ."

ಅಮ್ಮ ಮಂಚದ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದಳು. "ನಾನು ಆವತ್ತೇ ನಂಬಿದ್ದೆ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಹಾಗಂದು ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿದಳು. ಅಪ್ಪ ಕೂತ. "ಅವನ ಕಿವಿ ಥೇಟ್ ನಿಮ್ಮದೇ," ಅಂದಳು ಅಮ್ಮ. "ಮೂಗು ನಿನ್ನದು," ಅಂದ ಅಪ್ಪ.

ಈಗ ಅವರಿಬ್ಬರೂ ಇಲ್ಲ. ಮಡಚಿದ, ಮಡಚದ ಬಟ್ಟೆಗಳ ನಡುವೆ ಕೂತು, ಪಕ್ಕದ ಮನೆಗೆ ಆಡಲು ಹೋದ ಹುಡುಗನ ಬಗ್ಗೆ ಮಾತಾಡುವ ಹಾಗೆ ಅವರು ಅಣ್ಣನ ಬಗ್ಗೆ ಮಾತಾಡಿದ್ದು ಮಾತ್ರ ಅವಳ ಕಣ್ಣಿಗೆ ಕಟ್ಟಿದಂತಿದೆ.