ಗಂಜಿ ತಿನ್ನುವ ಪುಡಿ

ಎಂಬತ್ತಾರನೆಯ ಇಸವಿಯ ಮಳೆಗಾಲ. ಬೆಳಗಿನ ಪಾಳಿ ಆಗತಾನೇ ಶುರುವಾಗಿತ್ತು. ಮುಂಬಯಿ ಹತ್ತಿರದ ಭಿವಂಡಿಯಲ್ಲಿ ಮಗ್ಗದ ಬಟ್ಟೆ ತೊಳೆಯುವ ನಮ್ಮ ಕಾರ್ಖಾನೆಯಲ್ಲಿ ನೀರು ಕಾಯಿಸುವ ಹುಲಗಪ್ಪ ತಲೆಯ ಮೇಲೆ ಕೈಹೊತ್ತು ಕೂತಿದ್ದ.

ನೇಯುವಾಗ ನೂಲಿಗೆ ಹಚ್ಚಿದ ಗಂಜಿ ತೆಗೆಯದೆ ಬಟ್ಟೆಗೆ ಬಣ್ಣ ಹಿಡಿಯುವುದಿಲ್ಲ. ಅದಕ್ಕೆ ಮೊದಲಿಂದಲೂ ಆ್ಯಸಿಡ್ ನೀರೇ. ಅದರಲ್ಲಿ ಜಾಲಿಸಿ ಜಾಲಿಸಿ ಅವನ ಹೆಂಡತಿ ಕಾಳವ್ವನ ಅಂಗೈ ಸೀಳಿ, ರೊಟ್ಟಿ ಬಡಿಯಲೂ ಆಗುತ್ತಿರಲಿಲ್ಲ. ಆ್ಯಸಿಡ್ ಬದಲು ಮಾಲೀಕ ಸೇಠ ಹೊಸ ಪುಡಿ ತರಿಸಿದರು. ಮೊದಲ ಸಲವೇ ಬಣ್ಣ ಕಲೆಕಲೆಯಾಗಿ ಕೂತಿತು. ಇನ್ನೊಮ್ಮೆ ಕೆಟ್ಟರೆ ಮತ್ತೆ ಆ್ಯಸಿಡ್ಡೇ ಎಂದುಬಿಟ್ಟರು.

ಪುಡಿ ಮಾರುವ ಯಜ್ಞೇಶ್ವರ ಡೊಂಬಿವಲಿಯಿಂದ ಓಡಿಬಂದರು. ಉಡುಪಿ ಕಡೆಯವರು.

"ನೀರು ಎಷ್ಟು ಬಿಸಿ ಮಾಡಿದ್ದು ಹುಲಗಪ್ಪಣ್ಣ?"

"ಕೊತಕೊತ ಕುದಿಸೀನ್ರಿ. ಕ್ರಿಮಿಯಿಂದ ಮಾಡಿದ್ದು ಅಂತ ನೀವ ಹೇಳಿದ್ರಿ. ಕುದಿಸಿದ್ರ ಕ್ರಿಮಿ ಸಾಯ್ತಾವ ಅಂತ ದವಾಖಾನಿ ಗ್ವಾಡಿ ಮ್ಯಾಲ ಬರದಾರ. ನನ್ನ ಹೆಂಡ್ತಿ ಕೈ ಹಾಕೂ ನೀರದು!"

"ಅದು ಕುಡಿಯುವ ನೀರಿಗೆ ಸರಿ ಮಾರಾಯ್ರೆ. ಈ ಪುಡಿಯಲ್ಲಿ ಕ್ರಿಮಿ ಇಲ್ಲ, ಅದು ಬಿಟ್ಟ ರಸ ಮಾತ್ರ. ಮೊಸರು ಮಾಡುದೂ ಕ್ರಿಮಿಯೇ ಅಲ್ವಾ? ಇದು ಮಣ್ಣಿನ ಕ್ರಿಮಿ. ವಿಜ್ಞಾನಿಗಳು ಅದರ ಹುಟ್ಟುಗುಣ ತಿದ್ದಿ, ಗಂಜಿ ಕರಗಿಸುವ ರಸ ಹೆಚ್ಚು ಬಿಡುವ ಹಾಗೆ ಮಾಡಿದ್ದಾರೆ. ರಸ ಅಂದ್ರೆ ಪ್ರೋಟೀನು, ಮೊಟ್ಟೆಯ ಬಿಳಿ ಇದ್ದ ಹಾಗೆ. ಕುದಿಸಿದ್ರೆ ಅದರ ಕೆಲಸ ಮುಗೀತು."

ಕಾಳವ್ವ ನಕ್ಕಳು. "ಬೇಯಿಸಿದ ತತ್ತಿ ಕಾವಿಗಿಟ್ಟು, ಮರಿ ಯಾವಾಗ ಬರ್ತಾವ ಅಂತ ಕುಂತಾನ್ರಿ ನನ್ನ ಗಂಡ!"

ಈ ಸಲ ನೀರಿನಿಂದ ಹಬೆ ಎದ್ದಿತು, ಗುಳ್ಳೆ ಏಳುವ ಮೊದಲೇ ಬೆಂಕಿ ತಗ್ಗಿಸಿದರು. ಪುಡಿ ಹಾಕಿ ಬಟ್ಟೆ ನೆನೆಸಿದರು. ತಣ್ಣೀರಲ್ಲಿ ಜಾಲಿಸುವ ಹೊತ್ತಿಗೆ ಹುಲಗಪ್ಪ ಅಡ್ಡ ನಿಂತ.

"ಕೈಗೆ ಏನರ ಆದ್ರ?"

"ಆ್ಯಸಿಡ್‌ನ್ಯಾಗ ಇಳದಾಗ ಎಲ್ಲಿ ಹೋಗಿತ್ತು ಈ ಕಾಳಜಿ? ಸರಿ ಅತ್ಲಾಗ," ಎಂದು ಕಾಳವ್ವ ಯಜ್ಞೇಶ್ವರ ಕೊಟ್ಟ ಕೈಗವಸು ಏರಿಸಿ ಜಾಲಿಸಿಯೇ ಬಿಟ್ಟಳು.

ಯಜ್ಞೇಶ್ವರ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ತಂದರು. ಇನ್ನೂ ಗಂಜಿ ತೆಗೆಯದ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟರು. ಕಡುನೀಲಿ. "ಗಂಜಿ ಇದ್ರೆ ಹೀಗೆ." ಈಗ ತೊಳೆದದ್ದರ ಮೇಲೆ ಬಿಟ್ಟರು. ಎಲ್ಲರೂ ಬಗ್ಗಿ ನೋಡಿದೆವು. ಟಿಂಚರಿನ ಹಳದಿಯೇ ಉಳಿಯಿತು, ನೀಲಿ ಬರಲಿಲ್ಲ. ಸಂಜೆಗೆ ಬಣ್ಣವೂ ಒಂದೇ ಸಮ ಹಿಡಿಯಿತು. ಇನ್ನು ಪುಡಿಯೇ ಎಂದರು ಸೇಠ.

ಅಣ್ಣಂದಿರೇ, ಅಕ್ಕಂದಿರೇ, ಎಲ್ಲ ಕ್ರಿಮಿಯೂ ವೈರಿಯಲ್ಲ. ನಿಮ್ಮ ಕಾರ್ಖಾನೆಯಲ್ಲೂ ಈ ಪುಡಿ ಕೇಳಿ. ಸುರಿಯುವಾಗ ಮೂಗಿಗೆ ಬಟ್ಟೆ ಕಟ್ಟಿ, ಕೈಗವಸು ಬಿಡಬೇಡಿ, ನೀರು ಕುದಿಸಬೇಡಿ. ಆಗದು ಎನ್ನುವವರಿಗೆ ನಮ್ಮಲ್ಲಿಗೆ ಬಂದು ನೋಡಲು ಹೇಳಿ. ನಮ್ಮ ಆ್ಯಸಿಡ್ ಜಾಡಿಗಳು ಮರು ಸೋಮವಾರವೇ ಲಾರಿ ಹತ್ತಿ ಹೋದವು.