ಮುಚ್ಚಳದ ಮೇಲಿನ ಹೆಸರು

ಪ್ರಯೋಗಾಲಯಕ್ಕೆ ಯಾರು ಹೊಸದಾಗಿ ಬಂದರೂ ಅಕ್ಕ ಮೊದಲ ದಿನವೇ ಹೇಳುವ ಮಾತೊಂದಿತ್ತು: "ಹೆಸರನ್ನ ತಟ್ಟೆಯ ತಳಕ್ಕೆ ಬರೀರಿ, ಮುಚ್ಚಳಕ್ಕಲ್ಲ. ಮುಚ್ಚಳಕ್ಕೆ ಕಾಲಿರತ್ತೆ." ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಒಂದು ದಿನ ಅವಳೇ ಕೋಶ ಬೆಳೆಸುವ ತಟ್ಟೆಯ ತಳ ಒದ್ದೆಯಾಗಿತ್ತು, ಶಾಯಿ ಹಿಡಿಯಲಿಲ್ಲ. ಆಮೇಲೆ ಬರೆದರಾಯಿತು ಎಂದುಕೊಂಡು ಮುಚ್ಚಳಕ್ಕೇ ಬರೆದಳು. ಆ 'ಆಮೇಲೆ' ಬರಲೇ ಇಲ್ಲ.

ಬರೆದದ್ದು ತಮ್ಮನ ಹೆಸರು. ಅವನು ದರ್ಜಿ. ಕಾಲಿನ ನರಗಳನ್ನು ಒಂದೊಂದಾಗಿ ಒಣಗಿಸುವ ಕಾಯಿಲೆ ಅವನಿಗೆ. ಅವನ ತೋಳಿನ ಚಿಟಿಕೆ ಚರ್ಮದಿಂದ ಅಕ್ಕ ಯಾವ ಅಂಗವಾಗಿ ಬೇಕಾದರೂ ಬೆಳೆಯಬಲ್ಲ ಕಾಂಡಕೋಶ ಮಾಡಿ, ಅದರಿಂದ ಮೆಣಸಿನ ಕಾಳಿನಷ್ಟು ಬೆನ್ನುಹುರಿಯ ಉಂಡೆಗಳನ್ನು ಬೆಳೆಸಿದ್ದಳು. ಜೊತೆಗೆ ಚೂರು ಸ್ನಾಯುವೂ ಬೆಳೆದಿತ್ತು; ನರ ಚೆನ್ನಾಗಿದ್ದರೆ ಅದು ಮಿಡುಕಬೇಕು. ಹೋಲಿಸಿ ನೋಡಲು ಪಕ್ಕದಲ್ಲೇ ಇನ್ನೊಂದು ತಟ್ಟೆ, ಯಾರೋ ಆರೋಗ್ಯವಂತರದ್ದು. ಎರಡಕ್ಕೂ ಒಂದೇ ಹೊಸ ಔಷಧ.

ಮೂರನೆಯ ವಾರ ತಮ್ಮನ ಹೆಸರಿನ ತಟ್ಟೆಯಲ್ಲಿ ಉಂಡೆಗಳು ಮಿಡುಕಿದವು! ಅಕ್ಕ ವಿಡಿಯೊ ಹಿಡಿದುಕೊಂಡು ಅಂಗಡಿಗೆ ಓಡಿದಳು. ಅವನು ಮೂರು ಸಲ ನೋಡಿದ. ಹೊಲಿಗೆ ಯಂತ್ರಕ್ಕೆ ಮೋಟಾರು ಕೂರಿಸಲು ಬಂದಿದ್ದವನನ್ನು, "ಬೇಡ ಬಿಡಿ, ಕಾಲೇ ವಾಪಸ್ ಬರ್ತಿದೆ" ಎಂದು ನಗುತ್ತ ಕಳಿಸಿಬಿಟ್ಟ. ಅಂದಿನಿಂದ ಹಟ ಹಿಡಿದು ಪೆಡಲು ತುಳಿಯತೊಡಗಿದ.

ಆರೋಗ್ಯವಂತರ ಉಂಡೆಗಳು ಮಾತ್ರ ಕಲ್ಲಿನ ಹಾಗೆ ಬಿದ್ದಿದ್ದವು. ಚೆನ್ನಾಗಿರುವುದೇ ಯಾಕೆ ಅಲುಗದು ಎಂದು ಒಳಗೊಂದು ಪ್ರಶ್ನೆ ಎದ್ದಿತ್ತು. ಕೆಟ್ಟಿರಬೇಕು ಎಂದು ಅದರ ಬಾಯಿ ಮುಚ್ಚಿಸಿ, ಆ ಉಂಡೆಗಳನ್ನು ಬ್ಲೀಚಿನಲ್ಲಿ ಮುಳುಗಿಸಿ ಸಿಂಕಿಗೆ ಸುರಿದಳು. ಆಸೆಗೆ ಕಣ್ಣಿಲ್ಲ, ಅವಳಿಗಿತ್ತು. ಆದರೂ ನೋಡಲಿಲ್ಲ.

ಕೋಶಗಳ ಗುರುತು ಪರೀಕ್ಷೆಯ ವರದಿ ಇಂದು ಬೆಳಿಗ್ಗೆ ಬಂತು. ಮಿಡುಕಿದ ಉಂಡೆಗಳು ತಮ್ಮನವಲ್ಲ. ಕೋಶಗಳ ಆಹಾರದ ದ್ರವ ಬದಲಿಸುವಾಗ ಎರಡೂ ಮುಚ್ಚಳವನ್ನು ಒಟ್ಟಿಗೆ ತೆಗೆದಿಟ್ಟದ್ದು ಅವಳಿಗೆ ಆಗ ನೆನಪಾಯಿತು. ಮುಚ್ಚುವಾಗ ಒಂದರದ್ದು ಇನ್ನೊಂದಕ್ಕೆ ಹೋಗಿತ್ತು. ಮೇಲಧಿಕಾರಿ, "ಫ್ರೀಜರಿನಲ್ಲಿ ನಿಮ್ಮ ತಮ್ಮನ ಕೋಶ ಇದೆಯಲ್ಲ, ಮತ್ತೆ ಶುರು ಮಾಡೋಣ" ಎಂದರು. ಶುರು ಮಾಡಬಹುದು. ತಮ್ಮನಿಗೆ ಹೇಳುವುದು ಹೇಗೆ?

ಅವಳು ಹೋದಾಗ ಅವನು ಬೆವರುತ್ತ ಪೆಡಲು ತುಳಿಯುತ್ತಿದ್ದ. ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು, ಮುಚ್ಚಳದಿಂದ ಹಿಡಿದು. ಯಂತ್ರ ನಿಂತಿತು.

"ಹಾಗಾದ್ರೆ ಅಲುಗಾಡದೆ ಇದ್ದದ್ದು ನಂದು?"

"ಹೂಂ ಕಣೋ."

"ಅದೆಲ್ಲಿದೆ ಈಗ?"

"ಚೆಲ್ಲಿಬಿಟ್ಟೆ. ನಾನೇ, ಈ ಕೈಯಾರೆ. ತಪ್ಪಾಯ್ತು, ಬೈದುಬಿಡು."

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಪಕ್ಕದ ಚೀಲದಿಂದ ಗಿರಾಕಿಯೊಬ್ಬರ ಬಟ್ಟೆ ತೆಗೆದು, ಅಂಚು ಮಗುಚಿ ಒಳಗಿನ ಚೀಟಿ ತೋರಿಸಿದ.

"ನಾನು ಗಿರಾಕಿ ಹೆಸರನ್ನ ಚೀಲಕ್ಕೆ ಹಚ್ಚಲ್ಲಕ್ಕ. ಬಟ್ಟೆಗೇ ಹೊಲಿತೀನಿ. ಚೀಲ ಅದಲುಬದಲಾಗತ್ತೆ."

ಆಮೇಲೆ ಎರಡೂ ಕೈಯಿಂದ ತನ್ನ ಕಾಲನ್ನು ಎತ್ತಿ ಪೆಡಲಿನಿಂದ ಕೆಳಗಿಟ್ಟ.

"ಆ ಮೋಟಾರಿನವನಿಗೆ ಫೋನ್ ಮಾಡು. ನೀನೇ ಮಾಡು."

ಅವಳು ಮಾಡಿದಳು. ಆ ಕಡೆಯವನು ಯಾರ ಅಂಗಡಿ ಎಂದು ಕೇಳಿದಾಗ ತಮ್ಮನ ಹೆಸರನ್ನು ಎರಡು ಸಲ ಹೇಳಬೇಕಾಯಿತು.