ಪೊಟ್ಟಣ ಕಟ್ಟಿ ಹಂಚಿದ ಸಕ್ಕರೆ ಪಟ್ಟಿ

ಬಾಗೂರಿನ ಮಹಿಳಾ ಸಂಘದಲ್ಲಿ ಏಕಾಂತಮ್ಮನವರ ಮಾತೆಂದರೆ ಮಾತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅನ್ನುವುದು ಅವರ ಹತ್ತಿರ ನಡೆಯುವುದಿಲ್ಲ. ಸಂಘಕ್ಕೆ ಹುಣಸೆಹಣ್ಣು ಬರಲಿ, ಸೋಪು ಬರಲಿ, ಹತ್ತು ಪಾಲು ಮಾಡಿ ಹತ್ತು ಮನೆಗೆ ಮುಟ್ಟಿಸಿದ ಮೇಲೇ ಅವರಿಗೆ ಸಮಾಧಾನ.

ಹೋದ ತಿಂಗಳು ಸಂಘದವರು ಸೇರಿ ಸಕ್ಕರೆ ಕಾಯಿಲೆ ನೋಡುವ ಪುಟ್ಟ ಮಷೀನು ತಂದರು. ಜೊತೆಗೆ ಎರಡು ಡಬ್ಬಿ ಪಟ್ಟಿ. ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸಿದರೆ ಮಷೀನು ಅಂಕಿ ತೋರಿಸುತ್ತದೆ. ಮಷೀನನ್ನು ಹತ್ತು ಪಾಲು ಮಾಡಲಾಗದು ಎಂಬ ಕೊರಗು ಏಕಾಂತಮ್ಮನವರಿಗೆ ಇತ್ತೋ ಏನೋ, ಪಟ್ಟಿಗಳನ್ನಂತೂ ಬಿಡಲಿಲ್ಲ. ಒಂದು ಡಬ್ಬಿಯ ಐವತ್ತು ಪಟ್ಟಿಯನ್ನು ಐದೈದರಂತೆ ಹಳೇ ಪೇಪರಿನಲ್ಲಿ, ಕುಂಕುಮದ ಪೊಟ್ಟಣ ಕಟ್ಟಿದ ಹಾಗೆ ಕಟ್ಟಿ ಮನೆಮನೆಗೆ ಕೊಟ್ಟರು. ತಮ್ಮ ಪಾಲನ್ನು ಒಲೆ ಪಕ್ಕದ ಗೂಡಿನಲ್ಲಿ, ಒಡೆಯದ ಎರಡನೇ ಡಬ್ಬಿಯನ್ನು ಬೀರುವಿನಲ್ಲಿಟ್ಟರು. ಮಷೀನು ಸರದಿಯಂತೆ ಮನೆಯಿಂದ ಮನೆಗೆ ಓಡಾಡಿತು.

ಅವರ ಯಜಮಾನರು ಜಂಪಣ್ಣನವರಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು ಮಾತ್ರೆ, ಆಮೇಲೆ ಹೊಟ್ಟೆ ತುಂಬ ರೊಟ್ಟಿ. ಮೊನ್ನೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ ಮುನ್ನೂರ ಅರವತ್ತೆಂಟು. ಏಕಾಂತಮ್ಮ ಗಾಬರಿಬಿದ್ದು ಗಂಡನ ಮುಂದಿದ್ದ ರೊಟ್ಟಿ ತಟ್ಟೆ ಎತ್ತಿಟ್ಟರು, ಒಂದರ ಬದಲು ಮೂರು ಮಾತ್ರೆ ತೆಗೆದು ಅವರ ಅಂಗೈಗೆ ಹಾಕಿದರು. ನನಗೇನೂ ಆಗಿಲ್ಲ, ಹಸಿವಾಗಿದೆ ಅಷ್ಟೇ ಎಂದು ಜಂಪಣ್ಣ ಗೋಗರೆದರು. ಕೇಳುವವರು ಯಾರು?

ಅಷ್ಟರಲ್ಲಿ ಬಿ.ಪಿ. ನೋಡಲು ಬಂದ ಆರೋಗ್ಯ ಉಪಕೇಂದ್ರದ ಸಿಸ್ಟರ್ ಮೇಘಶ್ರೀ ಬಾಗಿಲಲ್ಲೇ ತಡೆದರು.

"ಅಣ್ಣ, ಮಾತ್ರೆ ಕೆಳಗಿಡ್ರಿ. ಊಟ ಬಿಟ್ಟು ಮೂರು ಮಾತ್ರೆ ನುಂಗಿದ್ರೆ ಸಕ್ಕರೆ ಒಮ್ಮೆಗೇ ಇಳೀತೈತೆ. ಪ್ರಜ್ಞೆ ತಪ್ಪಿ ಬಿದ್ರೆ ಜೀವಕ್ಕೇ ಕುತ್ತು."

"ಮಷೀನು ಸುಳ್ಳು ಹೇಳ್ತೈತೇನಮ್ಮ? ಅದ್ಕೇನು ನಮ್ಮ ಮೇಲೆ ಹಗೆ ಐತಾ?" ಎಂದರು ಏಕಾಂತಮ್ಮ.

ಮೇಘಶ್ರೀ ವಾದಕ್ಕಿಳಿಯಲಿಲ್ಲ. ಬೆರಳಿಗೆ ಚೂರು ಬೆಲ್ಲ ಅಂಟಿದ್ದರೂ ಅಂಕಿ ಏರುತ್ತದೆಂದು ಜಂಪಣ್ಣನವರ ಕೈಯನ್ನು ಸೋಪಿನಿಂದ ತೊಳೆಸಿ, ಚೆನ್ನಾಗಿ ಒರೆಸಿದರು. ಪೊಟ್ಟಣದ ಒಂದು ಪಟ್ಟಿ ಹಾಕಿದರು, ಇನ್ನೂರ ಹನ್ನೊಂದು ಬಂತು. ಅದೇ ಪೊಟ್ಟಣದ ಇನ್ನೊಂದು ಹಾಕಿದರು, ಇನ್ನೂರ ತೊಂಬತ್ತೇಳು.

"ಒಂದೇ ಮಷೀನು, ಒಂದೇ ಕೈ. ಐದು ನಿಮಿಷದಾಗೆ ಎರಡು ಮಾತು. ಯಾವ್ದು ನಂಬ್ತೀರಿ ಅಕ್ಕ?"

ಬೀರುವಿನಲ್ಲಿದ್ದ ಎರಡನೇ ಡಬ್ಬಿಯನ್ನು ಮೇಘಶ್ರೀ ತರಿಸಿ, ಮೇಲಿನ ತಾರೀಕು ನೋಡಿ ಒಡೆದರು. ಒಂದು ಪಟ್ಟಿ ತೆಗೆದು ತಕ್ಷಣ ಮುಚ್ಚಳ ಒತ್ತಿದರು. ನೂರ ನಲವತ್ತೊಂಬತ್ತು. ಮತ್ತೊಂದು ಹಾಕಿದರೆ ನೂರ ಐವತ್ತನಾಲ್ಕು. ಇಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ ಎಂದರು. ಪಟ್ಟಿಯ ತುದಿಗೆ ಔಷಧಿ ಸವರಿರುತ್ತಾರೆ, ಗಾಳಿ, ಹಬೆ ತಗುಲಿದರೆ ಅದು ಕೆಡುತ್ತದೆ, ತೇವ ತಾಗದ ಹಾಗೆ ಮಾಡಿದ ಡಬ್ಬಿಯೇ ಅದರ ಮನೆ ಎಂದು ಬಿಡಿಸಿ ಹೇಳಿದರು. ಸೂಜಿಯನ್ನಾದರೂ ಒಬ್ಬರದು ಒಬ್ಬರು ಬಳಸಿಲ್ಲ ತಾನೆ ಎಂದು ಕೇಳಿದರು. ಇಲ್ಲವೆಂದು ಏಕಾಂತಮ್ಮ ಹೇಳಿದ ಮೇಲೆ ಮೇಘಶ್ರೀಗೆ ಸಮಾಧಾನವಾಯಿತು.

ಜಂಪಣ್ಣ ಒಂದೇ ಮಾತ್ರೆ ನುಂಗಿ ರೊಟ್ಟಿಗೆ ಕೈ ಹಾಕಿದರು. ಏಕಾಂತಮ್ಮ ಮಾತ್ರ ಪೊಟ್ಟಣಗಳನ್ನು ವಾಪಸು ತರಲು ಚೀಲ ಹಿಡಿದು ಎದ್ದರು. ಉಳಿದ ಒಂಬತ್ತು ಮನೆಗೂ ಅವೇ ಪೊಟ್ಟಣ ಹೋಗಿದ್ದವಲ್ಲ! ಹೋಗಿ ನೋಡಿದರೆ, ಪುಟ್ಟಕ್ಕನ ಮನೆಯಲ್ಲಿ ಅಂಕಿ ಕಡಿಮೆ ಬಂತೆಂದು ಅತ್ತೆಯ ಮಾತ್ರೆಯನ್ನೇ ನಿಲ್ಲಿಸಿದ್ದರು. ಯಾರ ಮುಂದೆಯೂ ತಗ್ಗದ ಏಕಾಂತಮ್ಮ ಅವತ್ತು ಪುಟ್ಟಕ್ಕನ ಅತ್ತೆಯ ಕೈ ಹಿಡಿದುಕೊಂಡರು.

"ತಪ್ಪು ನಂದೇ ಕಣವ್ವ. ಸಮ ಹಂಚಾಕೆ ಹೋಗಿ ಎಲ್ಲಾ ಕೆಡಿಸ್ಬಿಟ್ಟೆ. ನಾಳೆ ನಿಮ್ಮನ್ನೂ ನಮ್ಮ ಯಜಮಾನ್ರನ್ನೂ ಹೊಸದುರ್ಗದ ಆಸ್ಪತ್ರೆಗೆ ನಾನೇ ಕರ್ಕಂಡು ಹೋಗ್ತೀನಿ."

ಮಾರನೇ ದಿನ ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ತೋಳಿನಿಂದ ರಕ್ತ ತೆಗೆದರು. ಅದೇ ಹೊತ್ತಿಗೆ, ಮೇಘಶ್ರೀ ಹೇಳಿಕೊಟ್ಟಂತೆ, ಜಂಪಣ್ಣನವರ ಬೆರಳಿಗೂ ಚುಚ್ಚಿ ಎರಡನೇ ಡಬ್ಬಿಯ ಪಟ್ಟಿಯಲ್ಲಿ ನೋಡಿದರು. ಮಷೀನು ನೂರ ಐವತ್ತೊಂದು ಎಂದಿತು, ಲ್ಯಾಬು ನೂರ ನಲವತ್ತನಾಲ್ಕು ಎಂದಿತು. ಮಷೀನು ಸಾಚಾ ಎಂದು ಖಾತ್ರಿಯಾಯಿತು. ಜಂಪಣ್ಣನವರಿಗೆ ಡಾಕ್ಟರು ಅದೇ ಒಂದು ಮಾತ್ರೆ ಸಾಕೆಂದರು. ಪುಟ್ಟಕ್ಕನ ಅತ್ತೆಗೆ ಸಕ್ಕರೆ ಜಾಸ್ತಿಯೇ ಇತ್ತು, ನಿಲ್ಲಿಸಿದ ಮಾತ್ರೆ ಮತ್ತೆ ಶುರುವಾಯಿತು.

ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದ ಗಂಡನನ್ನು ನೋಡುತ್ತ ಏಕಾಂತಮ್ಮ ಮೆಲ್ಲಗೆ ಅಂದರು: "ಆ ಮೂರು ಮಾತ್ರೆ ನನ್ನ ಕೈಯಾರೆ ಕೊಡ್ತಿದ್ನಲ್ಲ."

ಓದಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಮಷೀನಿದ್ದರೆ ಈಗಲೇ ಎದ್ದು ಪಟ್ಟಿಯ ಡಬ್ಬಿ ನೋಡಿ. ಮುಚ್ಚಳ ಬಿಗಿಯಾಗಿದೆಯೇ, ತಾರೀಕು ಮುಗಿದಿದೆಯೇ? ಕೈ ತೊಳೆದು, ಒರೆಸಿ, ಪ್ರತಿ ಸಲ ಹೊಸ ಸೂಜಿಯಿಂದಲೇ ಚುಚ್ಚಿ. ಅಂಕಿ ನೋಡಿ ಗಾಬರಿಯಾದರೆ ಇನ್ನೊಮ್ಮೆ ನೋಡಿ, ಲ್ಯಾಬಿನಲ್ಲಿ ಖಾತ್ರಿ ಮಾಡಿಸಿ. ತೀರಾ ಸುಸ್ತು, ಬೆವರು, ಮಂಪರು ಇದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಮಷೀನು ಅಂಕಿಯನ್ನಷ್ಟೇ ಹೇಳುತ್ತದೆ, ಮಾತ್ರೆ ಎಷ್ಟೆಂದು ಡಾಕ್ಟರೇ ಹೇಳಬೇಕು.